ಪಾರ್ಶ್ವವಾಯು ಮತ್ತು ತಾಯ್ ಚಿ: ಒಂದು ನಿಧಾನ ವ್ಯಾಯಾಮದ ಚರಿತ್ರೆ



ಕಲಾದಗಿಯ ದಾಳಿಂಬೆ ತೋಟದ ಮನೆಯಾಗಲಿ, ಇಳಕಲ್ಲಿನ ನೇಕಾರರ ಓಣಿಯಾಗಲಿ, ಬಾದಾಮಿ ಹುನಗುಂದಗಳ ಯಾವುದೇ ಹಳ್ಳಿಯಾಗಲಿ, ಅಲ್ಲಿ ಹಿರಿಯರೊಬ್ಬರನ್ನು ಕುರಿತು "ಅವರಿಗೆ ಲಕ್ವ ಹೊಡೆದೈತಿ" ಎಂಬ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಪಡಸಾಲೆಯ ಹೊರಸಿನ ಮೇಲೆ ಮಲಗಿದ ಅಜ್ಜ, ಒಂದು ಕೈ ಮಡಚಿ ಎದೆಗೆ ಅಂಟಿದಂತಾದ ಅಜ್ಜಿ, ಒಂದು ಕಾಲನ್ನು ನೆಲಕ್ಕೆ ಎಳೆಯುತ್ತ ಕಟ್ಟೆಯವರೆಗೆ ನಡೆದು ಬರುವ ನೆರೆಮನೆಯವರು ನಿಮಗೆ ಹೊಸಬರಲ್ಲ. ಬಂದವರೆಲ್ಲ ಅವರಿಗೆ ಹೇಳುವುದು ಒಂದೇ ಮಾತು: "ಸುಮ್ಮನೆ ಮಲಗ್ರಿ, ಯಾಕ ತ್ರಾಸು ತಗೋತೀರಿ?"

ಈ ಮಾತಿನಲ್ಲಿ ಪ್ರೀತಿಯಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಆ ಪ್ರೀತಿಯೇ ರೋಗಿಯನ್ನು ಹೊರಸಿಗೆ ಕಟ್ಟಿಹಾಕುತ್ತದೆ. ಬಿದ್ದ ದೇಹವನ್ನು ಎಬ್ಬಿಸುವುದು ವಿಶ್ರಾಂತಿಯೋ ಚಲನೆಯೋ ಎಂಬ ಪ್ರಶ್ನೆಗೆ ದೀರ್ಘವಾದ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಚೀನಾದ ಒಂದು ಹಳ್ಳಿಯ ಕಾಳಗದ ವಿದ್ಯೆಗೂ ಚಿತ್ರದುರ್ಗ ಜಿಲ್ಲೆಯಲ್ಲಿ ಹುಟ್ಟಿದ ಒಬ್ಬ ಯೋಗಾಚಾರ್ಯರಿಗೂ ಸ್ಥಾನವಿದೆ. ಟೆಲಿವಿಷನ್ ಪರದೆಯ ಮೇಲೆ ವ್ಯಾಯಾಮದ ಚಲನೆಯನ್ನು ತೋರಿಸಬಹುದು; ಆ ಚಲನೆ ಎಲ್ಲಿಂದ ಬಂತು ಎಂಬುದನ್ನು ಹೇಳಲು ಪುಟವೇ ಅನುಕೂಲ.

ಮೊದಲು ಹೆಸರುಗಳನ್ನೇ ನೋಡೋಣ. ಲಕ್ವ ಎಂಬುದು ಅರಬ್ಬಿ ಮೂಲದ ಪದ. ಆ ಭಾಷೆಯಲ್ಲಿ ಅದು ಮುಖ ಒಂದು ಕಡೆಗೆ ವಾಲುವ ರೋಗದ ಹೆಸರು. ಉರ್ದುವಿನ ಮೂಲಕ ನಮ್ಮ ಭಾಗಕ್ಕೆ ಬಂದ ಮೇಲೆ ಅರ್ಧ ಮೈ ಬೀಳುವ ರೋಗಕ್ಕೆಲ್ಲ ಅದೇ ಹೆಸರಾಯಿತು. ಪುಸ್ತಕದ ಕನ್ನಡದಲ್ಲಿ ನಾವು ಪಾರ್ಶ್ವವಾಯು ಎನ್ನುತ್ತೇವೆ. ಎಂದರೆ ಮೈಯ ಒಂದು ಪಕ್ಕವನ್ನು ಹಿಡಿದ ವಾಯು. ಆಯುರ್ವೇದದ ಸಂಹಿತೆಗಳಲ್ಲಿ ಇದರ ಹೆಸರು ಪಕ್ಷಾಘಾತ, ಮತ್ತು ಇದು ವಾತವ್ಯಾಧಿಗಳ ಸಾಲಿಗೆ ಸೇರಿದ್ದು. ಚೀನೀಯರು ಇದನ್ನು 'ಝೊಂಗ್ ಫೆಂಗ್' ಎಂದು ಕರೆದರು. ಅದರ ಅರ್ಥ ಗಾಳಿಯ ಪೆಟ್ಟಿಗೆ ಸಿಕ್ಕುವುದು. ಇಂಗ್ಲಿಷಿನ 'ಸ್ಟ್ರೋಕ್' ಎಂದರೂ ಪೆಟ್ಟೇ. ನಿಂತಿದ್ದ ಮನುಷ್ಯ ಇದ್ದಕ್ಕಿದ್ದಂತೆ ಕುಸಿಯುವುದನ್ನು ಕಂಡ ಎರಡು ಪ್ರಾಚೀನ ನಾಗರಿಕತೆಗಳು ಕಣ್ಣಿಗೆ ಕಾಣದ ಗಾಳಿಯನ್ನೇ ದೂರಿದ್ದು ಸ್ವಾರಸ್ಯಕರವಾಗಿದೆ. ಆ ಪೆಟ್ಟು ಬೀಳುವುದು ಮೆದುಳಿನೊಳಗೆ ಎಂಬುದನ್ನು ಶವಪರೀಕ್ಷೆಯಿಂದ ಸ್ಪಷ್ಟಪಡಿಸಿದವನು ಸ್ವಿಟ್ಜರ್ಲೆಂಡಿನ ವೈದ್ಯ ಯೋಹಾನ್ ವೆಪ್ಫರ್, 1658ರಲ್ಲಿ. ಮೆದುಳಿನ ರಕ್ತನಾಳವೊಂದು ಕಟ್ಟಿಕೊಂಡರೆ ಅಥವಾ ಒಡೆದರೆ ಅದರಿಂದ ರಕ್ತ ಪಡೆಯುತ್ತಿದ್ದ ಭಾಗ ಸಾಯತೊಡಗುತ್ತದೆ. ಆ ಭಾಗ ಆಳುತ್ತಿದ್ದ ಕೈಕಾಲು, ಮಾತು, ನೋಟ ಕೆಡುತ್ತವೆ. ಕೈಯಲ್ಲಿ ದೋಷವಿಲ್ಲ, ಕೈಗೆ ಅಪ್ಪಣೆ ಕೊಡುವಲ್ಲಿ ದೋಷ.

ಚೀನಾ ಎಂದೊಡನೆ ನಿಮಗೆ ಪಠ್ಯಪುಸ್ತಕದ ಹ್ಯುಯೆನ್ ತ್ಸಾಂಗ್ ನೆನಪಾಗಬೇಕು. ಕ್ರಿ.ಶ. 641ರ ಸುಮಾರಿಗೆ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದ ಈ ಬೌದ್ಧ ಯಾತ್ರಿಕ ಇಂದಿನ ಹೆನಾನ್ ಪ್ರಾಂತದವನು. ಅವನು ಕಂಡ ರಾಜಧಾನಿ ಬಾದಾಮಿಯೇ, ಬೇರೊಂದು ಊರೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇಲ್ಲಿನ ಜನರ ಸ್ವಾಭಿಮಾನವನ್ನೂ, ಯುದ್ಧಕ್ಕೆ ಮುನ್ನ ವೀರರೂ ಆನೆಗಳೂ ಮದ್ಯ ಕುಡಿದು ಹೊರಡುವುದನ್ನೂ ಅವನು ಬಣ್ಣಿಸಿದ್ದಾನೆ. ಬಲಿಷ್ಠರ ವಿಚಾರ ಅವನ ಗಮನಕ್ಕೆ ಬಂತು. ಆದರೆ ದುರ್ಬಲರ ವ್ಯಾಯಾಮವನ್ನು ಕುರಿತು ಅವನ ನಾಡಿನವರೇ ಅದೇ ಶತಮಾನದಲ್ಲಿ ಬರೆದಿಟ್ಟದ್ದು ನಮ್ಮ ಇಂದಿನ ವಿಷಯಕ್ಕೆ ಹೆಚ್ಚು ಮುಖ್ಯ.

ಪುಲಕೇಶಿ ಪಟ್ಟವೇರಿದ ಕಾಲಕ್ಕೆ ಸರಿಯಾಗಿ, 610ರಲ್ಲಿ, ಚೀನಾದ ಸುಯಿ ವಂಶದ ಆಸ್ಥಾನ ವೈದ್ಯ ಚಾವ್ ಯುವಾನ್‌ಫಾಂಗ್ ರೋಗಗಳ ಮೂಲವನ್ನೂ ಲಕ್ಷಣಗಳನ್ನೂ ವಿವರಿಸುವ ದೊಡ್ಡ ಗ್ರಂಥವೊಂದನ್ನು ಸಿದ್ಧಪಡಿಸಿದ. ಗಾಳಿಯ ರೋಗಗಳಿಂದಲೇ ಅದು ಆರಂಭವಾಗುತ್ತದೆ, ಅರ್ಧ ಮೈ ಬೀಳುವ ರೋಗವೂ ಅವುಗಳಲ್ಲಿ ಸೇರಿದೆ. ಔಷಧಿಗಳ ಪಟ್ಟಿಗಿಂತ ಹೆಚ್ಚಾಗಿ ಅದರಲ್ಲಿರುವುದು ಮೈ ಚಾಚುವ, ತಿರುಗಿಸುವ, ಉಸಿರನ್ನು ನಿಯಮಿಸುವ ವ್ಯಾಯಾಮಗಳು. ಇಂಥ ವ್ಯಾಯಾಮಗಳು ಅಲ್ಲಿ ಆಗಲೇ ಹಳೆಯವು. ಕ್ರಿ.ಪೂ. 168ರಲ್ಲಿ ಮುಚ್ಚಿದ ಒಂದು ಗೋರಿಯಿಂದ 1973ರ ಉತ್ಖನನದಲ್ಲಿ ದೊರೆತ ರೇಷ್ಮೆಯ ಚಿತ್ರಪಟದಲ್ಲಿ ವ್ಯಾಯಾಮ ಮಾಡುತ್ತಿರುವ ನಲವತ್ತನಾಲ್ಕು ಮಂದಿ ಗಂಡಸರು ಹೆಂಗಸರು ಇದ್ದಾರೆ.

ಇನ್ನೊಂದು ಪುಸ್ತಕ ನಮಗೆ ಮತ್ತೂ ಹತ್ತಿರದ್ದು. ಹ್ಯುಯೆನ್ ತ್ಸಾಂಗ್ 645ರಲ್ಲಿ ಸ್ವದೇಶಕ್ಕೆ ಮರಳಿದ ಏಳೆಂಟು ವರ್ಷಗಳಲ್ಲಿ ಸುನ್ ಸಿಮಿಯಾವ್ ಎಂಬ ವೈದ್ಯ ಬರೆದ ಗ್ರಂಥದಲ್ಲಿ ಹದಿನೆಂಟು ಚಲನೆಗಳ ಒಂದು ಕ್ರಮವಿದೆ. ಅದನ್ನು ಭಾರತ ದೇಶದ ಅಂಗಮರ್ದನವೆಂದೂ ಬ್ರಾಹ್ಮಣರ ವಿಧಾನವೆಂದೂ ಅವನು ಕರೆದಿದ್ದಾನೆ. ಬಿಲ್ಲನ್ನು ಎಳೆಯುವಂತೆ, ಬೆಟ್ಟವನ್ನು ತಳ್ಳುವಂತೆ ಮಾಡುವ ಈ ಚಲನೆಗಳನ್ನು ಮುದುಕರೂ ದಿನಕ್ಕೆ ಮೂರು ಬಾರಿ ಮಾಡಬಹುದೆಂದು ಅವನ ಸಲಹೆ. ಅವೆಲ್ಲವೂ ನಿಜವಾಗಿ ಭಾರತದಿಂದಲೇ ಹೋದವೆಂದು ಸಾಧಿಸುವುದು ಕಷ್ಟ. ಆದರೆ ಬಾದಾಮಿ ಚಾಲುಕ್ಯರ ಯುಗದಲ್ಲಿ ಚೀನಾದ ವೈದ್ಯನೊಬ್ಬ ರೋಗ ಕಳೆಯುವ ವ್ಯಾಯಾಮಕ್ಕೆ ಭಾರತದ ಹೆಸರಿಟ್ಟನೆಂಬುದು ಪುಸ್ತಕದಲ್ಲೇ ಇದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ದಕ್ಷಿಣ ಭಾರತದ ಬೋಧಿಧರ್ಮ ಶಾವೊಲಿನ್ ವಿಹಾರಕ್ಕೆ ಹೋಗಿ ಚೀನೀಯರಿಗೆ ಕಾಳಗದ ವಿದ್ಯೆಯನ್ನೆಲ್ಲ ಕಲಿಸಿದನೆಂಬ ಕಥೆಯನ್ನು ನೀವು ಕೇಳಿರಬಹುದು. ನಮ್ಮ ಹೆಮ್ಮೆಗೆ ಬಹಳ ಹಿತವಾದ ಕಥೆ ಅದು. ಆದರೆ ಅದಕ್ಕೆ ಆಧಾರವೆಂದು ತೋರಿಸುವ ಗ್ರಂಥ ಹದಿನೇಳನೆಯ ಶತಮಾನದ್ದೆಂದು ಇತಿಹಾಸಕಾರರು ನಿರ್ಣಯಿಸಿದ್ದಾರೆ. ಬೋಧಿಧರ್ಮನ ಕಾಲಕ್ಕೂ ಅದಕ್ಕೂ ಸಾವಿರ ವರ್ಷಕ್ಕಿಂತ ಹೆಚ್ಚಿನ ಅಂತರ.

ನಮ್ಮ ಸಂಹಿತೆಗಳು ಏನು ಹೇಳಿದವು? ಚರಕನಲ್ಲಿ ಪಕ್ಷಾಘಾತಕ್ಕೆ ಎಣ್ಣೆ, ಬೆವರಿಳಿಸುವ ಶಾಖ, ವಿರೇಚನಗಳೇ ಮುಖ್ಯ. ಸುಶ್ರುತನ ಮಾತು ವ್ಯಾವಹಾರಿಕವಾದದ್ದು. ಅಂಗ ಬಾಡಿಹೋಗದ, ನೋವಿನ ಅರಿವಿರುವ, ಮನಸ್ಸಿನ ಸ್ಥಿಮಿತವಿರುವ ಮತ್ತು ಚಿಕಿತ್ಸೆಗೆ ಬೇಕಾದ ಅನುಕೂಲಗಳಿರುವ ರೋಗಿಯನ್ನು ಕೈಗೆತ್ತಿಕೊಳ್ಳಬೇಕೆಂದು ಅವನು ಹೇಳುತ್ತಾನೆ. ಕೊನೆಯ ಷರತ್ತನ್ನು ಮತ್ತೊಮ್ಮೆ ಓದಿ. ಅನುಕೂಲವಿಲ್ಲದವನ ಗತಿಯೇನು ಎಂಬ ಪ್ರಶ್ನೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಹಾಗೆಯೇ ಉಳಿದಿದೆ.

ಈಗ ತಾಯ್ ಚಿಗೆ ಬರೋಣ. ಹ್ಯುಯೆನ್ ತ್ಸಾಂಗನ ಹೆನಾನ್ ಪ್ರಾಂತದಲ್ಲೇ, ಹಳದಿ ನದಿಯ ಉತ್ತರಕ್ಕೆ, ಚೆನ್‌ಜಿಯಾಗೌ ಎಂಬ ಹಳ್ಳಿಯಿದೆ. ಹದಿನೇಳನೆಯ ಶತಮಾನದಲ್ಲಿ, ಮಿಂಗ್ ವಂಶದ ಆಳ್ವಿಕೆ ಮುಗಿಯುವ ಹೊತ್ತಿಗೆ, ಆ ಊರಿನ ಸೈನ್ಯಾಧಿಕಾರಿ ಚೆನ್ ವಾಂಗ್‌ಟಿಂಗ್ ತನಗೆ ತಿಳಿದ ಕಾಳಗದ ಪಟ್ಟುಗಳನ್ನೂ ಹಳೆಯ ಉಸಿರಾಟದ ವ್ಯಾಯಾಮಗಳನ್ನೂ ಕೂಡಿಸಿದನೆಂದು ಬಹುಪಾಲು ಇತಿಹಾಸಕಾರರು ಒಪ್ಪುತ್ತಾರೆ. ಎರಡು ಶತಮಾನ ಅದು ಆ ಮನೆತನದ ಸ್ವತ್ತಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಯಾಂಗ್ ಲೂಚಾನ್ ಎಂಬ ಹೊರಗಿನವನು ಅಲ್ಲಿ ಕಲಿತು ಬೀಜಿಂಗ್‌ಗೆ ಕೊಂಡೊಯ್ದ. ಅವನ ಮೊಮ್ಮಗ ಯಾಂಗ್ ಚೆಂಗ್‌ಫು ನೆಗೆತ, ಹೊಡೆತಗಳನ್ನು ಕಡಿಮೆ ಮಾಡಿ ಚಲನೆಯನ್ನು ನಿಧಾನವಾಗಿಯೂ ವಿಶಾಲವಾಗಿಯೂ ಮಾಡಿದ. 1956ರಲ್ಲಿ ಚೀನಾ ಸರ್ಕಾರದ ಕ್ರೀಡಾ ಆಯೋಗ ಅದರಿಂದ ಇಪ್ಪತ್ತನಾಲ್ಕು ಭಂಗಿಗಳನ್ನು ಆರಿಸಿ ಎಲ್ಲರೂ ಕಲಿಯಬಹುದಾದ ಸರಳ ಕ್ರಮವನ್ನು ಗೊತ್ತುಪಡಿಸಿತು. ಸುಮಾರು ಐದಾರು ನಿಮಿಷದ ಆ ಕ್ರಮ ಉದ್ಯಾನಗಳ ಮುದುಕ ಮುದುಕಿಯರ ಬೆಳಗಿನ ಅಭ್ಯಾಸವಾಯಿತು.

ಕಾಳಗದ ವಿದ್ಯೆ ಮುದುಕರ ಕೈಗೆ ಬಂದ ಈ ಬದಲಾವಣೆಯೇ ನಮ್ಮ ಚರಿತ್ರೆಯ ತಿರುವು. ನಮ್ಮ ಗರಡಿಮನೆಗಳ ಜೊತೆ ಹೋಲಿಸಿ ನೋಡಿ. ಸಾಮು, ಬೈಠಕ್, ತಿರುಗಿಸುವ ಮರದ ಗದೆ, ಜಾತ್ರೆಯಲ್ಲಿ ಎತ್ತುವ ಸಂಗ್ರಾಣಿ ಕಲ್ಲು, ಶಾಲೆಯಲ್ಲಿ ನೀವು ಕಲಿಯುವ ಲೇಜೀಮು, ಹೀಗೆ ನಮ್ಮಲ್ಲಿ ವ್ಯಾಯಾಮಕ್ಕೆ ಬರವಿಲ್ಲ. ಉಳುಕಿದ ಕೈಕಾಲನ್ನು ನೀವಿ ಸರಿಪಡಿಸುವ ಕೈಗುಣವೂ ಗರಡಿಯ ವಸ್ತಾದಿಗಳಿಗಿತ್ತು. ನಮ್ಮ ಮರದ ಗದೆಗಳನ್ನು ದಂಡಿನ ಊರುಗಳಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ಮೆಚ್ಚಿ ಇಂಗ್ಲೆಂಡಿಗೆ ಒಯ್ದರು. ಕಲಾದಗಿಯೂ ಒಂದು ಕಾಲಕ್ಕೆ ಅಂಥ ದಂಡಿನ ಊರಾಗಿತ್ತು, ಆಮೇಲೆ 1885ರವರೆಗೆ ಜಿಲ್ಲಾ ಕೇಂದ್ರವೂ ಆಗಿತ್ತು. 1834ರ ಹೊತ್ತಿಗೆ ಲಂಡನ್ನಿನ ವ್ಯಾಯಾಮದ ಪುಸ್ತಕದಲ್ಲಿ ಭಾರತದ ಗದೆ ಕಾಣಿಸಿಕೊಂಡಿತು. ಅಲ್ಲಿ ಅದನ್ನು ಹಗುರಗೊಳಿಸಿ ಹೆಂಗಸರಿಗೂ ಕೊಟ್ಟರು. ಇಲ್ಲಿ ಮಾತ್ರ ಗರಡಿಯ ಕೆಂಪು ಮಣ್ಣು ಹದಿಹರೆಯದ ಪೈಲ್ವಾನರಿಗೇ ಮೀಸಲಾಗಿ ಉಳಿಯಿತು. ಅರವತ್ತು ದಾಟಿದವರಿಗಾಗಿ ಒಂದು ನಿಧಾನದ ಸಾಮನ್ನು ನಮ್ಮ ವಸ್ತಾದಿಗಳು ರೂಪಿಸಿದ್ದರೆ ಚೆನ್ನಾಗಿತ್ತೆಂದು ಈ ಲೇಖಕನಿಗೆ ಅನಿಸುತ್ತದೆ.

ಯುರೋಪಿನಲ್ಲೂ ಬಹುಕಾಲ ಮೆದುಳಿನ ಪೆಟ್ಟಿಗೆ ವಿಶ್ರಾಂತಿಯೇ ಮದ್ದೆನಿಸಿತ್ತು. ಈ ನಂಬಿಕೆಯನ್ನು ಅಲುಗಾಡಿಸಿದ್ದರಲ್ಲಿ ಎರಡು ಮಹಾಯುದ್ಧಗಳ ಪಾತ್ರ ದೊಡ್ಡದು. ಗಾಯಗೊಂಡ ಲಕ್ಷಾಂತರ ಯುವಕರನ್ನು ಹಾಸಿಗೆಯಲ್ಲೇ ಬಿಡುವಂತಿರಲಿಲ್ಲ. ಆಸ್ಪತ್ರೆಗಳಲ್ಲಿ ಅವರಿಗೆ ಬುಟ್ಟಿ ಹೆಣೆಯುವ, ಮಗ್ಗದಲ್ಲಿ ನೇಯುವ ಕೆಲಸ ಕೊಟ್ಟು ಕೈಕಾಲುಗಳನ್ನು ಪಳಗಿಸಿದರು. ಇಳಕಲ್ಲಿನ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕುಣಿಮಗ್ಗದಲ್ಲಿ ಕುಳಿತವರ ಕಾಲು ಹಲಗೆಗಳನ್ನು ಒಂದಾದ ಮೇಲೊಂದು ಒತ್ತುತ್ತಿರುತ್ತದೆ, ಒಂದು ಕೈ ಲಾಳಿಯನ್ನು ಓಡಿಸುತ್ತದೆ, ಇನ್ನೊಂದು ಕೈ ಹಲಗೆಯನ್ನು ಬಡಿಯುತ್ತದೆ, ಕಣ್ಣು ಅಂಚಿನ ಮೇಲಿರುತ್ತದೆ. ಎಡಬಲಗಳನ್ನು ಲಯಕ್ಕೆ ಒಗ್ಗಿಸುವ ಇಂಥ ಕೆಲಸವನ್ನೇ ಅಂದಿನ ಚಿಕಿತ್ಸಕರು ಹುಡುಕುತ್ತಿದ್ದರು.

1943ರಲ್ಲಿ ಲಂಡನ್ನಿನಲ್ಲಿ ಬರ್ಟಾ ಬೊಬಾತ್ ಎಂಬಾಕೆಗೆ ಪಾರ್ಶ್ವವಾಯುವಿನಿಂದ ಬಳಲುತ್ತಿದ್ದ ಭಾವಚಿತ್ರ ಕಲಾವಿದ ಸೈಮನ್ ಎಲ್ವಿಸ್ ಅವರ ಆರೈಕೆಯ ಹೊಣೆ ಬಂತು. ಆಕೆ ಜರ್ಮನಿಯಿಂದ ಓಡಿಬಂದಿದ್ದ ವ್ಯಾಯಾಮ ಶಿಕ್ಷಕಿ. ಬಿಗಿದುಕೊಂಡ ಕೈಯನ್ನು ಬಲವಂತವಾಗಿ ಎಳೆಯುವ ಬದಲು, ಇಡೀ ದೇಹದ ನಿಲುವನ್ನು ತಿದ್ದಿ ನಿಧಾನವಾಗಿ ಚಲಿಸಿದರೆ ಬಿಗಿತ ಸಡಿಲುವುದನ್ನು ಆಕೆ ಗಮನಿಸಿದರು. ಆ ಒಬ್ಬ ರೋಗಿಯಿಂದ ಆರಂಭವಾದ ವಿಧಾನ ಜಗತ್ತಿನ ಆಸ್ಪತ್ರೆಗಳಿಗೆಲ್ಲ ಹರಡಿತು.

ಒಂಬತ್ತು ವರ್ಷಗಳ ನಂತರ ಮದರಾಸಿನಲ್ಲಿ ಇದಕ್ಕೆ ಹತ್ತಿರದ ಘಟನೆಯೊಂದು ನಡೆಯಿತು. ತಿರುಮಲೈ ಕೃಷ್ಣಮಾಚಾರ್ಯರು 1888ರಲ್ಲಿ ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ ಹುಟ್ಟಿದವರು. ಮೈಸೂರು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯನ್ನು ನಡೆಸಿದರು. ಅವರ 'ಯೋಗ ಮಕರಂದ' 1934ರಲ್ಲಿ ಪ್ರಕಟವಾದದ್ದು ಕನ್ನಡದಲ್ಲಿ. ಆ ಶಾಲೆಯಲ್ಲಿ ಅವರ ಮುಂದೆ ಇದ್ದವರು ಚುರುಕಾದ ಹುಡುಗರು; ಕಲಿಸಿದ್ದು ನೆಗೆತ, ಬಾಗು, ಬಳುಕುಗಳಿಂದ ಕೂಡಿದ ಹುರುಪಿನ ಆಸನಗಳು. ಸ್ವಾತಂತ್ರ್ಯದ ನಂತರ ಅರಮನೆಯ ಆಶ್ರಯ ತಪ್ಪಿ 1950ರಲ್ಲಿ ಶಾಲೆ ಮುಚ್ಚಿತು. ಅರವತ್ತು ದಾಟಿದ ಅವರನ್ನು 1952ರಲ್ಲಿ ಮದರಾಸಿಗೆ ಕರೆಸಿಕೊಂಡವರು ಪಾರ್ಶ್ವವಾಯುವಿಗೆ ತುತ್ತಾಗಿದ್ದ ಅಲ್ಲಿನ ಪ್ರಸಿದ್ಧ ನ್ಯಾಯವಾದಿಯೊಬ್ಬರು ಎಂದು ಆಚಾರ್ಯರ ಜೀವನಚರಿತ್ರೆಗಳಲ್ಲಿ ದಾಖಲಾಗಿದೆ. ಆಮೇಲೆ ಅವರು ಮದರಾಸಿನಲ್ಲೇ ನೆಲೆಸಿದರು. ವಯಸ್ಸು, ರೋಗ, ಶಕ್ತಿಗಳನ್ನು ನೋಡಿ ಒಬ್ಬೊಬ್ಬರಿಗೂ ಬೇರೆಯೇ ಕ್ರಮ ಹೇಳಿಕೊಡುವುದು, ಚಲನೆಯನ್ನು ಉಸಿರಿಗೆ ಹೊಂದಿಸುವುದು ಅವರ ಮುಂದಿನ ಬೋಧನೆಯ ತಿರುಳಾಯಿತು. ಹೆನಾನ್‌ನ ಕಾಳಗದ ವಿದ್ಯೆಗೆ ಆದದ್ದೇ ಮೈಸೂರಿನ ಹುಡುಗರ ಯೋಗಕ್ಕೂ ಆಯಿತು.

ನಮ್ಮ ಉತ್ತರ ಕರ್ನಾಟಕಕ್ಕೂ ಈ ಕಥೆಯಲ್ಲಿ ಪಾಲುಂಟು. 1936ರಲ್ಲಿ ಆಚಾರ್ಯರು ತಮ್ಮ ಶಿಷ್ಯರೊಡನೆ ಈ ಭಾಗದಲ್ಲಿ ಪ್ರವಾಸ ಮಾಡಿದಾಗ, ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರ್ ಎಂಬ ಹುಡುಗನಿಗೆ ಧಾರವಾಡದಲ್ಲಿ ಮಹಿಳೆಯರಿಗೆ ಪಾಠ ಹೇಳುವ ಕೆಲಸ ಬಿತ್ತು. ಅವನನ್ನು ಮೆಚ್ಚಿದ ಬೆಳಗಾವಿಯ ಸಿವಿಲ್ ಸರ್ಜನ್ ಡಾ. ವಿ. ಬಿ. ಗೋಖಲೆಯವರ ಪ್ರಯತ್ನದಿಂದ 1937ರಲ್ಲಿ ಅವನು ಪುಣೆಗೆ ಹೋದ. ಬಾಲ್ಯದಲ್ಲಿ ಕ್ಷಯ, ಮಲೇರಿಯಾಗಳಿಂದ ನರಳಿದ್ದ ಅಯ್ಯಂಗಾರರಿಗೆ ದುರ್ಬಲ ದೇಹದ ಕಷ್ಟ ಗೊತ್ತಿತ್ತು. ಅದಕ್ಕೇ ಕುರ್ಚಿ, ಹಗ್ಗ, ಮರದ ಇಟ್ಟಿಗೆ, ಪಟ್ಟಿಗಳನ್ನು ಯೋಗಶಾಲೆಗೆ ತಂದರು. ನಿಲ್ಲಲಾರದವರು ಕುರ್ಚಿ ಹಿಡಿದು ನಿಲ್ಲಲಿ ಎಂಬ ಈ ಸರಳ ಯೋಚನೆ ಎಷ್ಟು ದೂರ ಹೋಯಿತೆಂದರೆ, 2011ರಲ್ಲಿ ತೊಂಬತ್ತು ದಾಟಿದ ಅವರನ್ನು ಚೀನಾ ದೇಶವೇ ಆಹ್ವಾನಿಸಿ ಗೌರವಿಸಿತು.

ಈಗ ಕೇಳಬೇಕಾದ ಪ್ರಶ್ನೆ, ಇವೆಲ್ಲದರಿಂದ ರೋಗಿಗೆ ನಿಜವಾಗಿ ಪ್ರಯೋಜನವಿದೆಯೇ? ಲಕ್ವ ಹೊಡೆದವರು ನಿಲ್ಲುವಾಗ ಮೈಭಾರವನ್ನೆಲ್ಲ ಒಳ್ಳೆಯ ಕಾಲಿನ ಮೇಲೆ ಹಾಕುತ್ತಾರೆ. ದುರ್ಬಲ ಕಾಲಿನ ಮೇಲೆ ಭಾರ ಬೀಳುವ ಆ ಒಂದು ಕ್ಷಣದಲ್ಲೇ ಬೀಳುತ್ತಾರೆ, ತೊಡೆಯ ಮೂಳೆ ಮುರಿಯುತ್ತದೆ, ಮತ್ತೆ ಹೊರಸು ಹಿಡಿಯುತ್ತಾರೆ. ತಾಯ್ ಚಿಯಲ್ಲಿ ಇರುವುದೆಲ್ಲ ಈ ಕ್ಷಣದ ಅಭ್ಯಾಸವೇ. ಮಂಡಿ ಸ್ವಲ್ಪ ಬಾಗಿಸಿ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರವನ್ನು ಅವಸರವಿಲ್ಲದೆ ಸಾಗಿಸುತ್ತ, ಸೊಂಟವನ್ನು ತಿರುಗಿಸುತ್ತ, ನೋಟವನ್ನು ಕೈಯ ಹಿಂದೆ ಕಳುಹಿಸುವುದು. ಮತ್ತೆ ಮತ್ತೆ ಗಮನವಿಟ್ಟು ಮಾಡಿದ ಚಲನೆಯಿಂದ ಮೆದುಳಿನ ಉಳಿದ ಭಾಗಗಳು ಸತ್ತ ಭಾಗದ ಕೆಲಸದಲ್ಲಿ ಕೆಲವನ್ನಾದರೂ ಕಲಿತುಕೊಳ್ಳುತ್ತವೆ.

ಅಮೆರಿಕದ ಅರಿಜೋನಾದಲ್ಲಿ ರುತ್ ಟೇಲರ್-ಪಿಲಿಯೇ ಮತ್ತು ಸಂಗಡಿಗರು ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡಿದ್ದ 145 ಮಂದಿಯನ್ನು ಮೂರು ಗುಂಪು ಮಾಡಿ ಹನ್ನೆರಡು ವಾರ ಗಮನಿಸಿದರು. ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಆ ಅವಧಿಯಲ್ಲಿ ಇಪ್ಪತ್ತನಾಲ್ಕು ಭಂಗಿಗಳ ತಾಯ್ ಚಿ ಮಾಡಿದವರ ಗುಂಪಿನಲ್ಲಿ 5 ಸಲ, ಹಿರಿಯರ ಸಾಮಾನ್ಯ ವ್ಯಾಯಾಮ ಮಾಡಿದವರಲ್ಲಿ 14 ಸಲ, ಎಂದಿನ ಆರೈಕೆಯಲ್ಲಿದ್ದವರಲ್ಲಿ 15 ಸಲ ಬಿದ್ದ ಪ್ರಸಂಗಗಳಾದವು. ಸಂಖ್ಯೆ ಚಿಕ್ಕದು, ಈ ವ್ಯತ್ಯಾಸ ಆಕಸ್ಮಿಕವಾಗಿರುವ ಸಾಧ್ಯತೆಯನ್ನು ಸಂಖ್ಯಾಶಾಸ್ತ್ರ ಪೂರ್ತಿ ತಳ್ಳಿಹಾಕುವುದಿಲ್ಲ. ವ್ಯಾಯಾಮದ ಎರಡೂ ಗುಂಪುಗಳಲ್ಲಿ ದಮ್ಮು ಹೆಚ್ಚಿತೆಂಬುದು ಮಾತ್ರ ಖಚಿತ. 2022ರಲ್ಲಿ ಚೀನಾದ ಕುನ್‌ಮಿಂಗ್‌ನಿಂದ ಬಂದ ವರದಿ ನಮಗೆ ಇನ್ನೂ ಉಪಯುಕ್ತವಾದದ್ದು. ಅಲ್ಲಿ 160 ರೋಗಿಗಳಲ್ಲಿ ಒಂದು ಗುಂಪಿಗೆ ಕುಳಿತೇ ಮಾಡುವ ತಾಯ್ ಚಿಯನ್ನು ಒಂದು ವಾರ ಆಸ್ಪತ್ರೆಯಲ್ಲಿ, ಮನೆಯವರನ್ನೂ ಜೊತೆಗೆ ಕೂರಿಸಿ, ಕಲಿಸಿದರು. ಉಳಿದ ಹನ್ನೊಂದು ವಾರ ವಿಡಿಯೋ ನೋಡಿಕೊಂಡು ಮನೆಯಲ್ಲೇ ಅಭ್ಯಾಸ. ಕೈಯ ಚಲನೆಯಲ್ಲೂ ಕುಳಿತಾಗಿನ ಸಮತೋಲನದಲ್ಲೂ ಆ ಗುಂಪು ಮುಂದಿತ್ತು.

ಹಾಗೆಂದು ಮನೆಯವರೇ ಎಲ್ಲವನ್ನೂ ಮಾಡಿಬಿಡಬಹುದೆಂದು ತಿಳಿಯಬೇಡಿ. ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮನೆಯವರಿಗೆ ತರಬೇತಿ ಕೊಟ್ಟು ಅವರಿಂದಲೇ ವ್ಯಾಯಾಮ ಮಾಡಿಸಿದಾಗ ಆರು ತಿಂಗಳ ನಂತರದ ಫಲಿತಾಂಶದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಎರಡೂ ಗುಂಪುಗಳಲ್ಲಿ ನೂರಕ್ಕೆ 47 ಮಂದಿ ತೀರಿಕೊಂಡಿದ್ದರು ಅಥವಾ ಪರಾವಲಂಬಿಗಳಾಗಿದ್ದರು. ಕಹಿಯಾದರೂ ನಮ್ಮ ದೇಶದ ಈ ಅಂಕಿಯನ್ನು ಮರೆಮಾಚುವುದು ಸರಿಯಲ್ಲ. ಮನೆಯವರ ಅಕ್ಕರೆ ಫಿಸಿಯೋಥೆರಪಿಸ್ಟರ ಕೆಲಸಕ್ಕೆ ಬದಲಿಯಾಗಲಾರದು. ಅವಸರವೂ ಸಲ್ಲದು: ಐದು ದೇಶಗಳ 2104 ರೋಗಿಗಳ ಅಧ್ಯಯನವೊಂದು 2015ರಲ್ಲಿ ತಿಳಿಸಿದಂತೆ, ಪೆಟ್ಟು ಬಿದ್ದ ಇಪ್ಪತ್ತನಾಲ್ಕು ಗಂಟೆಯೊಳಗೆ ಎಬ್ಬಿಸಿ ಹೆಚ್ಚು ಹೊತ್ತು ನಡೆಸಿದವರ ಸ್ಥಿತಿ ಇತರರಿಗಿಂತ ಹಿಂದಾಯಿತು.

ಆ ಮೊದಲ ಗಂಟೆಗಳು ವ್ಯಾಯಾಮದ ಕಾಲವಲ್ಲ, ಆಸ್ಪತ್ರೆಯ ಕಾಲ. ಬಾಯಿ ಸೊಟ್ಟಗಾಯಿತೇ, ಎತ್ತಿದ ಕೈ ಕೆಳಗೆ ಬೀಳುತ್ತದೆಯೇ, ಮಾತು ತೊದಲುತ್ತದೆಯೇ ಎಂದು ನೋಡಿ ಒಡನೆ ಹೊರಡಬೇಕು. ಕಟ್ಟಿಕೊಂಡ ರಕ್ತನಾಳವನ್ನು ತೆರೆಯುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಅಷ್ಟರೊಳಗೆ ಪಾರಿವಾಳದ ರಕ್ತ ಹಚ್ಚಲು ಪಾರಿವಾಳ ಹುಡುಕುತ್ತ ಕುಳಿತರೆ ಗಡುವು ಮುಗಿಯುತ್ತದೆ. ಈ ನಂಬಿಕೆ ನಮ್ಮ ಕಡೆ ಇನ್ನೂ ಇದೆಯೆಂಬುದು ನಿಮಗೂ ಗೊತ್ತು.

ರೋಗಿ ಸ್ಥಿರವಾದ ಮೇಲೆ, ರಕ್ತದೊತ್ತಡ ಹತೋಟಿಗೆ ಬಂದು ವೈದ್ಯರು ಒಪ್ಪಿದ ಮೇಲೆ, ಇಪ್ಪತ್ತನಾಲ್ಕು ಭಂಗಿಗಳಲ್ಲಿ ಹತ್ತನೆಯದಾದ 'ಮೋಡದ ಕೈಗಳು' ಎಂಬುದನ್ನು ನೀವೇ ಮೊದಲು ಮಾಡಿ ನೋಡಿ. ಪಾದಗಳನ್ನು ಭುಜದಷ್ಟು ಅಗಲಿಸಿ ನಿಲ್ಲಿ. ಒಂದು ಕೈ ಮುಖದ ಎತ್ತರದಲ್ಲಿ, ಇನ್ನೊಂದು ಹೊಟ್ಟೆಯ ಎತ್ತರದಲ್ಲಿ ಇರಲಿ. ಮೈಭಾರವನ್ನು ಎಡಗಾಲಿಗೆ ಸಾಗಿಸುತ್ತ ಸೊಂಟದೊಡನೆ ಎಡಕ್ಕೆ ತಿರುಗಿ, ಕೈಗಳನ್ನು ಮೇಲೆ ಕೆಳಗೆ ಬದಲಿಸಿ, ಅದೇ ನಿಧಾನದಲ್ಲಿ ಬಲಕ್ಕೆ ಬನ್ನಿ. ಆರೋಗ್ಯವಂತರಾದ ನಿಮಗೂ ಇದು ತೋರುವಷ್ಟು ಸುಲಭವಲ್ಲವೆಂದು ತೊಡೆಗಳೇ ತಿಳಿಸುತ್ತವೆ. ಅಜ್ಜನಿಗೆ ಇದನ್ನು ಕಲಿಸುವವರು ತರಬೇತಾದವರೇ ಆಗಿರಬೇಕು. ಮೊದಲು ಗಟ್ಟಿಯಾದ ಕುರ್ಚಿಯಲ್ಲಿ ಕುಳಿತು, ಆಮೇಲೆ ಅದರ ಬೆನ್ನು ಹಿಡಿದು ನಿಂತು ಮಾಡಬೇಕು. ಎಣ್ಣೆ ಬಿದ್ದ ಬಂಡೆಯ ನೆಲ ಬೇಡ. ಜೊತೆಗೆ ನಿಲ್ಲುವ ಮೊಮ್ಮಗ ಅಥವಾ ಮೊಮ್ಮಗಳು ನಿಲ್ಲಬೇಕಾದದ್ದು ಅವರ ಬಲಹೀನವಾದ ಪಕ್ಕದಲ್ಲಿ.